ಟೋಪಿ ಎಳೆದರೆ ನಿಧಾನದ ಚೆಂಡು

ತಪ್ಪು ಹುಡುಕುವುದು ನನ್ನ ವೃತ್ತಿ. ಅಡಿಲೇಡಿನ ಕಿಲ್ಬರ್ನ್‌ನಲ್ಲಿ ನೀರಿನ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಗುಣಮಟ್ಟ ಪರೀಕ್ಷಕ. ಕೂದಲೆಳೆಯಷ್ಟು ಸೊಟ್ಟಗಿರುವ ಬೋಲ್ಟು ಕೂಡ ನನ್ನ ಕಣ್ಣು ತಪ್ಪಿಸಿ ಆಚೆ ಹೋದದ್ದಿಲ್ಲ. ಮನೆಯಲ್ಲೂ ಅಷ್ಟೆ. ದೋಸೆಯ ಅಂಚು, ಗೋಡೆಯ ಕ್ಯಾಲೆಂಡರು, ಬಂದ ನೆಂಟರ ಇಂಗ್ಲಿಷು ಎಲ್ಲವೂ ನನ್ನ ಪರೀಕ್ಷೆಗೆ ಒಳಪಟ್ಟೇ ಮುಂದೆ ಸಾಗಬೇಕು. ನನ್ನ ಹೆಂಡತಿ ವಸುಧಾ ಇದನ್ನು ಒಂದು ಪ್ರತಿಭೆ ಎಂದು ಇನ್ನೂ ಒಪ್ಪಿಕೊಂಡಿಲ್ಲ.

ಹೀಗಾಗಿ ಮಗಳ ಬೇಸ್‌ಬಾಲ್ ತಂಡದವರು ಎದುರಾಳಿಗಳ ಮೇಲೆ ಬೇಹುಗಾರಿಕೆ ನಡೆಸಲು ನನ್ನನ್ನು ಆರಿಸಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ದಿನ ಯಾಕೆ ತಡಮಾಡಿದರು ಎಂದಷ್ಟೇ ಅನ್ನಿಸಿತು.

ಮಗಳು ಸಿಂಚನ ಆಗ ಯೂನಿವರ್ಸಿಟಿಯ ಕೊನೆಯ ವರ್ಷದಲ್ಲಿದ್ದಳು. ಮೈಸೂರಿನ ಸರಸ್ವತೀಪುರಂ ಮೈದಾನದಲ್ಲಿ ಆರು ವರ್ಷ ಕ್ರಿಕೆಟ್ ಸ್ಕೋರು ಬರೆದ ಅಪ್ಪನ ಮಗಳು ಬೇಸ್‌ಬಾಲ್ ಹಿಡಿದಳಲ್ಲ ಎಂಬ ದುಃಖವನ್ನು ನಾನು ಎರಡು ವರ್ಷಗಳಲ್ಲಿ ನುಂಗಿಕೊಂಡೆ. ಹುಡುಗಿಯರ ತಂಡ ಆ ಬಾರಿ ಸೆಮಿಫೈನಲ್ ತಲುಪಿತ್ತು. ಗೆದ್ದವರು ಬ್ರಿಸ್ಬೇನಿಗೆ ಹೋಗಿ ಬೇರೆ ರಾಜ್ಯಗಳ ಕಾಲೇಜು ತಂಡಗಳ ಜೊತೆ ಆಡಬಹುದು. ಸೋತವರು ಮನೆಗೆ ಹೋಗಬಹುದು. ಮುಂದಿನ ವರ್ಷ ಸಿಂಚನಳಿಗೆ ಕಾಲೇಜೂ ಇಲ್ಲ, ತಂಡವೂ ಇಲ್ಲ. ಅವಳು ಬಾಯಿಬಿಟ್ಟು ಏನೂ ಹೇಳದಿದ್ದರೂ ಬ್ರಿಸ್ಬೇನಿನ ಹವಾಮಾನವನ್ನು ಫೋನಿನಲ್ಲಿ ದಿನಕ್ಕೆರಡು ಸಲ ನೋಡುತ್ತಿದ್ದುದು ನನ್ನ ಪರೀಕ್ಷಕ ದೃಷ್ಟಿಗೆ ಬಿದ್ದಿತ್ತು.

ಅಪ್ಪ ಮ್ಯಾಚಿಗೆ ಬರಬಾರದು ಎಂದು ಅವಳು ಎಂದೂ ಹೇಳಿದವಳಲ್ಲ. ಬಂದರೆ ಟಾಯ್ಲೆಟ್ ಕಟ್ಟಡದ ಆಚೆ ಕೂರಬೇಕು ಎಂದಷ್ಟೇ ಹೇಳಿದ್ದಳು. ಹಿಂದಿನ ವರ್ಷ ನಾನು ಬೇಲಿಯ ಪಕ್ಕದಲ್ಲೇ ನಿಂತು, "ನೇರ ಬ್ಯಾಟು! ಮುಂದೆ ಕಾಲಿಡು! ಬಿಡು, ಬಿಡು, ವೈಡ್ ಹೋಗ್ತಿದೆ!" ಎಂದು ಮಾರ್ಗದರ್ಶನ ನೀಡಿದ್ದೆ. ಬೇಸ್‌ಬಾಲಿನಲ್ಲಿ ಈ ಮೂರೂ ಸಲಹೆಗಳು ಅನ್ವಯವಾಗುವುದಿಲ್ಲವಂತೆ. ನನಗೆ ತಡವಾಗಿ ತಿಳಿಯಿತು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಾನು ಇಲ್ಲಿನ ಕನ್ನಡ ಸಂಘವೊಂದರ ಕಾರ್ಯದರ್ಶಿ. ಪ್ರತಿ ನವೆಂಬರಿನಲ್ಲಿ 'ಮನೆಯಲ್ಲಿ ಮಕ್ಕಳೊಂದಿಗೆ ಕನ್ನಡ' ಎಂಬ ವಿಷಯವಾಗಿ ನಲವತ್ತು ನಿಮಿಷ ಭಾಷಣ ಮಾಡುತ್ತೇನೆ. ಸಿಂಚನ ಮೊದಲ ಸಾಲಿನಲ್ಲಿ ಕೂತು ಕೇಳುತ್ತಾಳೆ. ಮುಗಿದ ಮೇಲೆ "ನೈಸ್ ಸ್ಪೀಚ್, ಅಪ್ಪ" ಎನ್ನುತ್ತಾಳೆ. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ. ಆದರೆ ಅಪ್ಪ, ಅಮ್ಮ, ಚಿತ್ರಾನ್ನ ಎಂಬ ಮೂರು ಪದಗಳನ್ನು ಬಿಟ್ಟರೆ ಅವಳ ಬಾಯಿಂದ ಒಂದು ಪೂರ್ತಿ ಕನ್ನಡ ವಾಕ್ಯ ಹೊರಟದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ತಂಡದ ಕೋಚ್ ಟ್ರೆವರ್ ಒಂದು ಮಧ್ಯಾಹ್ನ ಎಲ್ಲರನ್ನೂ ಬಾರ್ಬಿಗೆ, ಅಂದರೆ ಹಿತ್ತಲಲ್ಲಿ ಕೆಂಡದ ಮೇಲೆ ಮಾಂಸ ಸುಟ್ಟು ತಿನ್ನುವ ಕೂಟಕ್ಕೆ, ಕರೆದಿದ್ದ. ಸಾಸೇಜು ಮಗುಚುತ್ತ ತನ್ನ ಕಷ್ಟ ತೋಡಿಕೊಂಡ. ಎದುರಾಳಿ ತಂಡದ ಪಿಚರ್ ಭಾರಿ ಜೋರು. ಪಿಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆ. ಓಡಿಬರುವುದಿಲ್ಲ, ನಿಂತಲ್ಲೇ ಎಸೆಯುತ್ತಾಳೆ. ಶನಿವಾರ ಗ್ಲೆನೆಲ್ಗ್‌ನಲ್ಲಿ ಅವರದೊಂದು ಮ್ಯಾಚಿದೆ, ಯಾರಾದರೂ ಹೋಗಿ ಅವಳ ಗುಟ್ಟು ತಿಳಿದುಬಂದರೆ ಸೆಮಿಫೈನಲ್ಲಿಗೆ ಅನುಕೂಲ, ಆದರೆ ನಮ್ಮ ತಂಡದ ಎಲ್ಲರ ಮುಖವೂ ಅವರಿಗೆ ಪರಿಚಿತ ಎಂದ.

"ನನ್ನ ಮುಖ ಯಾರಿಗೂ ಗೊತ್ತಿಲ್ಲ" ಎಂದೆ.

"ಅದು ನಿಜ ಮೇಟ್, ನೀವು ಯಾವಾಗಲೂ ಟಾಯ್ಲೆಟ್ ಆಚೆ ಕೂತಿರ್ತೀರಿ" ಎಂದ ಟ್ರೆವರ್.

ಸಿಂಚನ ನನ್ನ ಅಂಗಿ ಜಗ್ಗಿ, "ಅಪ್ಪ, ಯು ಡೋಂಟ್ ಹ್ಯಾವ್ ಟು" ಎಂದು ಪಿಸುಗುಟ್ಟಿದಳು. ಅದನ್ನು ಮಗಳ ಕಾಳಜಿ ಎಂದು ಅರ್ಥಮಾಡಿಕೊಂಡೆ. ಅದು ಎಚ್ಚರಿಕೆಯಾಗಿತ್ತು.

ಶನಿವಾರ ಟ್ರ್ಯಾಮ್ ಹಿಡಿದು ಗ್ಲೆನೆಲ್ಗ್‌ಗೆ ಹೋದೆ. ವೇಷ ಮರೆಸಿಕೊಳ್ಳಲು ಕಪ್ಪು ಕನ್ನಡಕ ಮತ್ತು ಮೀನು ಹಿಡಿಯುವವರು ಹಾಕುವ ಟೋಪಿ. ಸಮುದ್ರದ ಗಾಳಿಗೆ ಟೋಪಿ ಎರಡು ಸಲ ಹಾರಿತು, ಎರಡು ಸಲವೂ ಎದುರಾಳಿ ತಂಡದ ಹುಡುಗಿಯರೇ ಹಿಡಿದು ತಂದುಕೊಟ್ಟರು. ಇಷ್ಟು ಹೊತ್ತಿಗೆ ನನ್ನ ಮುಖ ಯಾರಿಗೂ ಗೊತ್ತಿಲ್ಲ ಎಂಬ ಮೂಲ ಅರ್ಹತೆ ಮುಗಿದಿತ್ತು. ಆದರೂ ಧೃತಿಗೆಡದೆ ಪಿಚರ್ ಎದುರಿಗೆ ಕಾಣುವ ಬೆಂಚಿನಲ್ಲಿ ಕೂತೆ.

ಬೆಂಚಿನ ಇನ್ನೊಂದು ತುದಿಯಲ್ಲಿ ಅಗಲವಾದ ಹುಲ್ಲಿನ ಟೋಪಿ ಹಾಕಿಕೊಂಡ, ನನ್ನದೇ ವಯಸ್ಸಿನ ಮಹಿಳೆಯೊಬ್ಬರು ಕೂತಿದ್ದರು. ಡಬ್ಬಿ ತೆರೆದು, ಇಂಗ್ಲಿಷಿನಲ್ಲಿ ಎರಡು ಮಾತಾಡಿ, ಒಂದು ತುಂಡು ಕೇಕ್ ಕೊಟ್ಟರು. ತಿನ್ನುತ್ತ ನೋಟ್‌ಬುಕ್ ತೆಗೆದೆ. ಆಗ ಗೊತ್ತಾಯಿತು, ಓದುವ ಕನ್ನಡಕ ಮನೆಯ ಫ್ರಿಜ್ಜಿನ ಮೇಲಿದೆ! ದೂರದ ಪಿಚರ್ ಕಾಣುತ್ತಾಳೆ, ಕೈಯಲ್ಲಿರುವ ಪುಸ್ತಕ ಕಾಣುವುದಿಲ್ಲ. ಬೇರೆಯವರಾಗಿದ್ದರೆ ಕೈಚೆಲ್ಲುತ್ತಿದ್ದರು. ನಾನು ಹೆಂಡತಿಗೆ ಫೋನ್ ಮಾಡಿದೆ.

"ವಸು, ಪೆನ್ನು ಪೇಪರ್ ತಗೋ. ನಾನ್ ಹೇಳ್ತೀನಿ, ನೀನ್ ಬರ್ಕೋ."

"ರೀ, ಒಲೆ ಮೇಲೆ ಸಾರಿದೆ. ಮಂಡಿ ಬೇರೆ ಹಿಡ್ಕೊಂಡು ಏಳಕ್ಕೇ ಆಗ್ತಿಲ್ಲ."

"ಯಾವ ಕಾಲು?"

"ಎಡಗಾಲು. ಮೂರು ವರ್ಷದಿಂದ ಎಡಗಾಲೇ. ಸರಿ, ಹೇಳಿ. ಸ್ವಲ್ಪ ಮೆತ್ತಗೆ ಮಾತಾಡ್ರೀ, ಯಾರಾದ್ರೂ ಕೇಳಿಸ್ಕೊಂಡ್ರೆ?"

"ಕನ್ನಡ ಕಣೇ! ಇಡೀ ಗ್ರೌಂಡಲ್ಲಿ ಯಾರಿಗೆ ಗೊತ್ತಾಗುತ್ತೆ? ಮೈಕ್ ಹಿಡ್ಕೊಂಡು ಹೇಳಿದ್ರೂ ಗೊತ್ತಾಗಲ್ಲ."

"ಪಕ್ಕದಲ್ಲಿ ಯಾರೂ ಇಲ್ವಾ?"

"ಒಬ್ಬಳು ಹೆಂಗಸು ಕೂತಿದ್ದಾಳೆ. ಫಿಜಿನೋ ಮಾರಿಷಸ್ಸೋ ಇರ್ಬೇಕು. ಕೇಕ್ ಕೊಟ್ಲು. ಕೇಕಲ್ಲ ಕಣೇ ಅದು, ಇಟ್ಟಿಗೆ! ಹಲ್ಲು ಅಲ್ಲಾಡ್ತಿದೆ."

ಮಹಿಳೆ ನನ್ನತ್ತ ತಿರುಗಿ ನೋಡಿದರು. ನಾನು ತುಂಬು ಸೌಜನ್ಯದಿಂದ "ಡಿಲಿಶಸ್!" ಎಂದೆ. ಅವರು ಮುಗುಳ್ನಕ್ಕು ಇನ್ನೊಂದು ತುಂಡು ಕೊಟ್ಟರು.

ಪಿಚರ್ ಎತ್ತರದ ಹುಡುಗಿ. ಮುಖದ ತುಂಬ ಬೆಳ್ಳಗೆ ಸನ್‌ಸ್ಕ್ರೀನ್ ಬಳಿದುಕೊಂಡಿದ್ದಳು. ಬೆನ್ನ ಮೇಲೆ ಪಿಂಟೋ ಎಂದು ಹೆಸರಿತ್ತು. ಅದನ್ನೂ ವರದಿ ಮಾಡಿದೆ.

"ಪಿಂಟೋ ಅಂದ್ರೆ ಮಂಗಳೂರಿನವರಲ್ವೇನ್ರೀ?" ಎಂದಳು ವಸುಧಾ.

"ಮಂಗಳೂರಿನವರು ಬೇಸ್‌ಬಾಲ್ ಆಡ್ತಾರೇನೇ? ಬ್ರೆಜಿಲ್ ಕಡೆಯವಳು. ನೀನು ಹೇಳಿದ್ದಷ್ಟು ಬರ್ಕೋ."

ಅರ್ಧ ಗಂಟೆ ಕಣ್ಣಿಟ್ಟು ನೋಡಿದೆ. ಈ ಹುಡುಗಿಯ ಹತ್ತಿರ ಎರಡು ಥರದ ಎಸೆತಗಳಿದ್ದವು. ಒಂದು ಬಾಣದಂತೆ ಬರುವ ವೇಗದ ಚೆಂಡು. ಇನ್ನೊಂದು ಅದೇ ಕೈ ಬೀಸಿನಲ್ಲಿ ಹೊರಟು, ದಾರಿಯಲ್ಲಿ ಯಾರನ್ನೋ ಮಾತಾಡಿಸಿಕೊಂಡು ಬರುವಂಥ ನಿಧಾನದ ಚೆಂಡು. ಬ್ಯಾಟ್ ಹಿಡಿದವಳು ವೇಗದ್ದೆಂದು ಬೇಗ ಬೀಸಿಬಿಟ್ಟರೆ ಕೆಟ್ಟಳು. ಯಾವಾಗ ಯಾವುದು ಬರುತ್ತದೆ ಎಂದು ಮೊದಲೇ ತಿಳಿದರೆ ಪಿಚರ್ ಮುಗಿದಳು. ಅದನ್ನು ಯಾರೂ ಕಂಡುಹಿಡಿದಿರಲಿಲ್ಲ.

ನಾನು ಕಂಡುಹಿಡಿದೆ! ನಿಧಾನದ ಚೆಂಡು ಎಸೆಯುವ ಮುಂಚೆ ಅವಳು ಟೋಪಿಯ ಅಂಚನ್ನು ಒಮ್ಮೆ ಕೆಳಕ್ಕೆ ಎಳೆಯುತ್ತಿದ್ದಳು. ವೇಗದ ಚೆಂಡಿಗೆ ಎಳೆಯುತ್ತಿರಲಿಲ್ಲ. ಇಪ್ಪತ್ತು ಎಸೆತ ಎಣಿಸಿದೆ. ಇಪ್ಪತ್ತೂ ಹಾಗೆಯೇ. ಎಂಥ ಬೋಲ್ಟಿನಲ್ಲೂ ಒಂದು ಸೊಟ್ಟ ಇದ್ದೇ ಇರುತ್ತದೆ ಎಂಬ ನನ್ನ ವೃತ್ತಿಜೀವನದ ನಂಬಿಕೆ ನಿಜವಾಯಿತು.

"ವಸು, ಸಿಕ್ಕಿಬಿಡ್ತು! ಟೋಪಿ ಎಳೆದ್ರೆ ನಿಧಾನ. ಎಳೀದಿದ್ರೆ ಫಾಸ್ಟ್. ಅಡಿಗೆರೆ ಹಾಕು. ನಮ್ಮ ಸಿಂಚು ನಿಧಾನದ ಚೆಂಡಿಗೇ ತಾನೆ ಮೋಸ ಹೋಗೋದು? ಬೇಗ ಬೀಸಿಬಿಡ್ತಾಳೆ. ಅದೊಂದೇ ಅವಳ ದೌರ್ಬಲ್ಯ. ಇನ್ಮೇಲೆ ಅದೂ ಇಲ್ಲ!"

ಪಕ್ಕದ ಮಹಿಳೆ ಕೇಕಿನ ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ಮುಚ್ಚಿದರು.

ಆಗ ಎದ್ದು ಬಂದಿದ್ದರೆ ಅಷ್ಟು ಮರ್ಯಾದೆಯಾದರೂ ಉಳಿಯುತ್ತಿತ್ತು. ಆದರೆ ಅಷ್ಟರಲ್ಲಿ ಬ್ಯಾಟಿಗೆ ತಾಗಿದ ಚೆಂಡೊಂದು ಮೇಲಕ್ಕೆ ಚಿಮ್ಮಿ ನಮ್ಮ ಬೆಂಚಿನ ಕಡೆಗೇ ಬಂತು. ಸ್ಕೋರು ಬರೆಯುತ್ತಿದ್ದ ಆರು ವರ್ಷಗಳಲ್ಲಿ ನನಗೆ ಒಂದೇ ಒಂದು ಕ್ಯಾಚು ಹಿಡಿಯುವ ಅವಕಾಶ ಸಿಕ್ಕಿರಲಿಲ್ಲ. ಫೋನನ್ನು ಬೆಂಚಿನ ಮೇಲೆ ಎಸೆದು, ಗಿಡ್ಡ ಬೇಲಿಯ ಮೇಲೆ ಹೊಟ್ಟೆಯೂರಿ, ಒಳಕ್ಕೆ ಕೈಚಾಚಿ, ಬರಿಗೈಯಲ್ಲಿ ಹಿಡಿದೇಬಿಟ್ಟೆ!

"ಹೌಝಾಟ್!" ಎಂದು ಕೂಗಿದೆ.

ನನ್ನ ಕೈಯಿಂದ ಒಂದು ಗೇಣು ದೂರದಲ್ಲಿ, ಅದೇ ಚೆಂಡಿಗಾಗಿ ಗ್ಲೌಸು ಚಾಚಿ ನಿಂತಿದ್ದ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅಂಪೈರ್ ಬಂದ. ಬ್ಯಾಟರ್ ಔಟ್ ಎಂದು ತೀರ್ಪು ಕೊಟ್ಟ. ನನ್ನ ಕ್ಯಾಚಿಗಲ್ಲ, ನಾನು ಮಾಡಿದ ಅಡ್ಡಿಗೆ. ಬೆಂಚಿನ ಮೇಲಿನ ಫೋನಿನಿಂದ ವಸುಧಾ, "ರೀ, 'ಹೌಝಾಟ್' ಅನ್ನೋದನ್ನೂ ಬರ್ಕೊಳ್ಳಾ?" ಎಂದು ಕೇಳುತ್ತಿದ್ದಳು. ಮುಂದಿನ ಟ್ರ್ಯಾಮಿಗೆ ವಾಪಸಾದೆ.

ವರದಿಯನ್ನು ಊಟದ ಮೇಜಿನ ಮೇಲೆ ಸಿಂಚನಳ ಮುಂದೆ ಇಟ್ಟೆ. ಕ್ಯಾಚಿನ ಪ್ರಸಂಗವನ್ನು ಅನವಶ್ಯಕ ಎಂದು ಕೈಬಿಟ್ಟಿದ್ದೆ. ಅವಳಿಗೆ ಕನ್ನಡ ಓದಲು ಬಾರದಿದ್ದರಿಂದ ವಸುಧಾ ಓದಿ ಹೇಳಿದಳು. ಸಿಂಚನ ತನ್ನ ಗೆಳತಿಯೊಬ್ಬಳು ಹಿಂದೆ ತೆಗೆದ ವೀಡಿಯೋ ಹಾಕಿ ನೋಡಿದಳು. ಟೋಪಿ, ನಿಧಾನ. ಟೋಪಿ ಇಲ್ಲ, ವೇಗ. ಮತ್ತೆ ನೋಡಿದಳು. ಆಮೇಲೆ ತಲೆಯೆತ್ತಿ, "ಅಪ್ಪ, ದಿಸ್ ಇಸ್ ಆಕ್ಚುಲಿ ಗುಡ್" ಎಂದಳು.

ಆ 'ಆಕ್ಚುಲಿ' ಎಂಬ ಪದದಲ್ಲಿ ಇಪ್ಪತ್ತೊಂದು ವರ್ಷಗಳ ಅಪನಂಬಿಕೆ ಅಡಗಿತ್ತು ನಿಜ. ಆದರೂ ನನಗೆ ಎಷ್ಟು ಸಂತೋಷವಾಯಿತೆಂದರೆ, ಕೈತೊಳೆಯುವ ನೆಪದಲ್ಲಿ ಎದ್ದು ಹೋಗಬೇಕಾಯಿತು. ಟ್ರೆವರ್ ವಾರವಿಡೀ ಹುಡುಗಿಯರಿಗೆ ಟೋಪಿ ನೋಡುವ ತಾಲೀಮು ಕೊಟ್ಟ. ಒಬ್ಬಳು ಅನುಮಾನಪಟ್ಟಾಗ ಸಿಂಚನ, ನಮ್ಮಪ್ಪನ ಕಣ್ಣು ತಪ್ಪುವುದಿಲ್ಲ ಎಂದು ವಾದಿಸಿದಳಂತೆ. ಸೆಮಿಫೈನಲ್ ದಿನ ನನಗೆ ಟಾಯ್ಲೆಟ್ಟಿನ ಈಚೆಗೆ, ಬೇಲಿಯ ಪಕ್ಕದಲ್ಲೇ ಕುರ್ಚಿ ಹಾಕಲಾಗಿತ್ತು.

ಆಟ ಶುರುವಾಯಿತು. ಬೇಸ್‌ಬಾಲಿನಲ್ಲಿ ಮೂರು ಚೆಂಡು ತಪ್ಪಿದರೆ ಔಟು. ಪಿಂಟೋ ಮೊದಲೆರಡನ್ನು ಎಟುಕಿಯೂ ಎಟುಕದಂತೆ ಅಂಚಿಗೆ ಎಸೆಯುತ್ತಿದ್ದಳು. ಟೋಪಿ ಎಳೆದರೆ ನಿಧಾನ, ಇಲ್ಲದಿದ್ದರೆ ವೇಗ, ಎಲ್ಲ ವರದಿಯಂತೆಯೇ. ನಮ್ಮವರು ಬೀಸುತ್ತಿದ್ದರು, ಚೆಂಡು ಬ್ಯಾಟಿಗೆ ತಾಗಿಯೂ ಪಕ್ಕದ ಗೆರೆಯಾಚೆ ಹೋಗುತ್ತಿತ್ತು. ಇಲ್ಲಿ ಅದೂ ತಪ್ಪಿದ ಲೆಕ್ಕವೇ. ಮೂರನೆಯದಕ್ಕೆ ಟೋಪಿ ಎಳೆಯುವಳು. ನಮ್ಮವಳು ನಿಧಾನದ ಚೆಂಡಿಗಾಗಿ ಆರಾಮವಾಗಿ ಕಾಯುವಳು. ಬಾಣದಂತೆ ಬಂದ ಚೆಂಡು ಅವಳು ಬ್ಯಾಟೆತ್ತುವ ಮೊದಲೇ ಹಿಂದಿನವಳ ಗ್ಲೌಸಿನಲ್ಲಿರುತ್ತಿತ್ತು. ಔಟು! ಮುಂದಿನವಳೂ ಔಟು! ಮೊದಲೆರಡು ಚೆಂಡು ಸರಿಯಾಗಿಯೇ ಬರುತ್ತಿದ್ದುದರಿಂದ ಯಾರಿಗೂ ವರದಿಯ ಮೇಲೆ ಅನುಮಾನ ಬರಲಿಲ್ಲ. ತಮ್ಮ ಮೇಲೇ ಬಂತು.

ಕೊನೆಯ ಇನ್ನಿಂಗ್ಸಿನ ಹೊತ್ತಿಗೆ ಅವರದು ಎರಡು ರನ್, ನಮ್ಮದು ಒಂದು. ಆ ಒಂದೂ ಅವರು ಚೆಂಡು ಕೈಬಿಟ್ಟಿದ್ದರಿಂದ ಬಂದದ್ದು. ನಮ್ಮ ಇಬ್ಬರು ಔಟಾಗಿದ್ದರು, ಮೂರನೆಯವಳು ಔಟಾದರೆ ಆಟವೇ ಮುಗಿಯಿತು. ಇನ್ನಿಬ್ಬರು ಬೇಸುಗಳಲ್ಲಿ, ಅಂದರೆ ಓಟದ ದಾರಿಯ ನಿಲ್ದಾಣಗಳಲ್ಲಿ, ಓಡಲು ಸಿದ್ಧರಾಗಿ ನಿಂತಿದ್ದರು. ಒಂದು ಒಳ್ಳೆಯ ಹೊಡೆತ ಬಿದ್ದರೆ ಬ್ರಿಸ್ಬೇನ್. ಬ್ಯಾಟ್ ಹಿಡಿದು ಬಂದವಳು ಸಿಂಚನ.

ಆಗಲೇ ನನ್ನ ಪಕ್ಕದಲ್ಲಿ ಹುಲ್ಲಿನ ಟೋಪಿಯೊಂದು ಬಂದು ಕೂತಿತು. ಡಬ್ಬಿ ತೆರೆಯಿತು.

"ತಗೊಳ್ಳಿ. ಇವತ್ತಿನದ್ದು ಇಟ್ಟಿಗೆ ಆಗ್ಲಿಲ್ಲ, ಮೆತ್ತಗೆ ಉಂಟು."

ಕೈಯಲ್ಲಿ ಹಿಡಿದ ಕೇಕು ಕೈಯಲ್ಲೇ ಉಳಿಯಿತು.

"ನಿಮ್ಮ ಮನೆಯವರ ಮಂಡಿನೋವು ಈಗ ಹೇಗುಂಟು? ಎಡಗಾಲಲ್ವಾ?"

"ನೀವು... ಫಿಜಿ..." ಎಂದೆ.

"ಎಂತ ಫಿಜಿ ಮಾರಾಯ್ರೆ! ನಾನು ಲವೀನಾ ಪಿಂಟೋ, ಉಡುಪಿ ಹತ್ರದವಳು. ಮೊದ್ಲು ಕುವೈತಲ್ಲಿ ಇದ್ದದ್ದು, ಮತ್ತೆ ಪರ್ತಲ್ಲಿ, ಜೂಂಡಲಪ್‌ನಲ್ಲಿ. ಇಲ್ಲಿಗೆ ಬಂದು ನಾಲ್ಕು ವರ್ಷ ಆಯ್ತು. ಅಲ್ಲಿ ಎಸೀತಾ ಇದ್ದಾಳಲ್ಲ, ರೆನಿಟಾ, ಅವ್ಳು ನನ್ನ ಮಗಳು. ಆ ದಿನ ನಿಮ್ಗೆ ಕನ್ನಡದಲ್ಲೇ ಹೇಳ್ಬೇಕು ಅಂತ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀವು ಕೇಕಿಗೆ ಇಟ್ಟಿಗೆ ಅಂದ್ರಿ. ಮತ್ತೆ ನಾನು ಹೇಳ್ಲಿಲ್ಲ."

ಮೈದಾನದಲ್ಲಿ ಸಿಂಚನಳ ಎರಡು ಚೆಂಡು ಮುಗಿದಿದ್ದವು. ಉಳಿದದ್ದು ಒಂದು. ಈಗ ಎಲ್ಲ ಹಗಲಿನಷ್ಟು ಸ್ಪಷ್ಟವಾಯಿತು. ಮೂರನೆಯ ಚೆಂಡಿಗೆ ಟೋಪಿಯ ಲೆಕ್ಕ ಉಲ್ಟಾ! ನನ್ನ ಮಗಳು ನನ್ನ ಮಾತು ನಂಬಿಕೊಂಡು ಅಲ್ಲಿ ನಿಂತಿದ್ದಾಳೆ, ನಾನು ಅವಳನ್ನು ಹಳ್ಳಕ್ಕೆ ತಳ್ಳಿದ್ದೇನೆ. ಹೇಗಾದರೂ ಮಾಡಿ ಹೇಳಬೇಕು.

ಇಷ್ಟಾದರೂ ನನ್ನ ಬುದ್ಧಿ ಕೆಲಸ ಮಾಡುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಅದು ಹೀಗೆ ತರ್ಕಿಸಿತು: ಕನ್ನಡ ಗೊತ್ತಿರುವುದು ತಾಯಿಗೆ. ಆಕೆ ಕೇಳಿಸಿಕೊಂಡು ಮಗಳಿಗೆ ಇಂಗ್ಲಿಷಿನಲ್ಲಿ ಹೇಳಿರಬೇಕು. ಈಗ ತಾಯಿ ಕೇಕಿನ ಡಬ್ಬಿ ಹಿಡಿದು ನನ್ನ ಪಕ್ಕದಲ್ಲಿದ್ದಾರೆ. ಇವರು ಎದ್ದು ಹೋಗಿ ಅನುವಾದಿಸುವಷ್ಟರಲ್ಲಿ ಚೆಂಡು ಬಂದು ಹೋಗಿರುತ್ತದೆ. ಈ ದೇಶದಲ್ಲಿ ಬೆಳೆದ ಹುಡುಗಿಗೆ ಕನ್ನಡ ಎಲ್ಲಿಂದ ಬರಬೇಕು? ಅಂಥದೇ ಹುಡುಗಿಯೊಬ್ಬಳು ನನ್ನ ಮನೆಯಲ್ಲೇ ಇಪ್ಪತ್ತೊಂದು ವರ್ಷಗಳಿಂದ ನನ್ನ ಪ್ರತಿಯೊಂದು ಮಾತನ್ನೂ ಅರ್ಥಮಾಡಿಕೊಳ್ಳುತ್ತಿದ್ದಾಳೆ ಎಂಬುದು ಆ ಕ್ಷಣ ನನಗೆ ಹೊಳೆಯಲಿಲ್ಲ.

ಕುರ್ಚಿಯ ಮೇಲೆ ಹತ್ತಿ ನಿಂತೆ.

"ಸಿಂಚೂ! ಮೂರನೇದು ಉಲ್ಟಾ! ಟೋಪಿ ಎಳೆದ್ರೆ ಫಾಸ್ಟು! ಫಾಸ್ಟು ಬರುತ್ತೆ, ಬೇಗ ಬೀಸು!"

ಸಂಘದ ಭಾಷಣಗಳಲ್ಲಿ ಪಳಗಿದ ಕಂಠ. ಎರಡು ಮೈದಾನಗಳಾಚೆಗೂ ಕೇಳಿಸಿರಬೇಕು. ಸಿಂಚನ ನನ್ನ ಕಡೆ ನೋಡಿ ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಅಷ್ಟೆಲ್ಲ ಆದ ಮೇಲೂ ಅವಳು ನನ್ನನ್ನು ನಂಬಿದಳು.

ರೆನಿಟಾ ಪಿಂಟೋ ಕೂಡ ನನ್ನ ಕಡೆ ನೋಡಿದಳು. ನಕ್ಕಳು. ಟೋಪಿಯ ಅಂಚನ್ನು ಎಲ್ಲರಿಗೂ ಕಾಣುವಂತೆ ಚೆನ್ನಾಗಿ ಕೆಳಕ್ಕೆ ಎಳೆದಳು. ಎಸೆದಳು.

ನಿಧಾನದ ಚೆಂಡು!

ಸಿಂಚನ ಬೀಸಿ ಮುಗಿಸಿ, ಸುತ್ತು ತಿರುಗಿ, ಮತ್ತೆ ನೆಟ್ಟಗೆ ನಿಂತ ಮೇಲೆ ಆ ಚೆಂಡು ಬಂತು. ಔಟು. ಆಟ ಮುಗಿಯಿತು. ಲವೀನಾ ಅವರು ಎದ್ದು ಚಪ್ಪಾಳೆ ತಟ್ಟಿದರು, ಆಮೇಲೆ ನನ್ನ ಮುಖ ನೋಡಿ ಪಾಪ ಎನ್ನಿಸಿ ಇನ್ನೊಂದು ತುಂಡು ಕೇಕ್ ಕೊಟ್ಟರು. ನಿಜಕ್ಕೂ ಮೆತ್ತಗಿತ್ತು.

ರೆನಿಟಾ ಬೇಲಿಯ ಹತ್ತಿರ ಬಂದು, "ಸಾರಿ ಅಂಕಲ್. ಐ ಅಂಡರ್‌ಸ್ಟ್ಯಾಂಡ್ ಕನ್ನಡ, ಐ ಜಸ್ಟ್ ಡೋಂಟ್ ಸ್ಪೀಕ್ ಇಟ್" ಎಂದಳು.

"ಎಂತ ಮಾಡುದು?" ಎಂದರು ಅವಳ ತಾಯಿ. "ಮಕ್ಕಳಿಗೆ ಮನೇಲಿ ಕನ್ನಡ ಕಲಿಸ್ಬೇಕು ಅಂತ ಎಲ್ರೂ ಹೇಳ್ತಾರಲ್ಲ. ಕಲಿಸಿದೆ."

ನವೆಂಬರಿನ ಭಾಷಣದಲ್ಲಿ ಇದೇ ವಾಕ್ಯ ನಾಲ್ಕು ಕಡೆ ಬರುತ್ತದೆ. ಆಚೆ ಟ್ರೆವರ್ ತನ್ನ ಬ್ಯಾಗಿನ ಜಿಪ್ ಎಳೆಯುತ್ತಿದ್ದ. ನನ್ನನ್ನು ನೋಡಿದವನೇ ಬೇಲಿಯ ಪಕ್ಕದ ಕುರ್ಚಿಯನ್ನು ಮಡಚಿ ತೆಗೆದುಕೊಂಡು ಹೋದ.

ಕಾರಿನಲ್ಲಿ ಸಿಂಚನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕಣ್ಣು ಕೆಂಪಾಗಿತ್ತು. ಕ್ಷಮಿಸು ಎನ್ನಬೇಕೆಂದು ಮೂರು ಸಿಗ್ನಲ್ ದಾಟುವವರೆಗೂ ಗಂಟಲು ಸರಿಮಾಡಿಕೊಂಡೆ. ನಾಲ್ಕನೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ಗಾಬರಿಯಾಗಿ ತಿರುಗಿ ನೋಡಿದೆ. ನಗು ತಡೆಯಲಾರದೆ ಅಲುಗುತ್ತಿದ್ದಳು. ಕೆನ್ನೆ ಒರೆಸಿಕೊಂಡು, ನನ್ನ ಕಡೆ ತಿರುಗಿ, ಒಂದೊಂದೇ ಪದವನ್ನು ಜೋಡಿಸಿಕೊಂಡು, ಹುಟ್ಟಿದಂದಿನಿಂದ ಮೊದಲ ಬಾರಿಗೆ ಒಂದು ಪೂರ್ತಿ ಕನ್ನಡ ವಾಕ್ಯ ಹೇಳಿದಳು.

"ಅಪ್ಪ, ಇನ್ಮೇಲೆ ಗ್ರೌಂಡಿಗೆ ಬಂದ್ರೆ ನೀನು ಇಂಗ್ಲಿಷಲ್ಲೇ ಮಾತಾಡು."

ಪರೀಕ್ಷಕನ ಕಿವಿಯಿಟ್ಟು ಕೇಳಿದೆ. ಉಚ್ಚಾರಣೆಯಲ್ಲಾಗಲಿ, ಅಭಿಪ್ರಾಯದಲ್ಲಾಗಲಿ ಒಂದು ತಪ್ಪೂ ಸಿಗಲಿಲ್ಲ.

"ಓಕೆ" ಎಂದೆ.